ಗರಗಸಕ್ಕೆ ಸಿಕ್ಕಿಸಿದ ನಿಂಬೆಹಣ್ಣು

ಮೊನ್ನೆ ಪಾರ್ಸೆಲ್ಲಿನಲ್ಲಿ ಬಂದ ಪೆಟ್ಟಿಗೆಯ ಟೇಪನ್ನು ನಾನು ಚಾಕುವಿನಿಂದ ಬಿಡಿಸುತ್ತಿದ್ದಾಗ ತೇಜು ಓಡಿಬಂದು ನನ್ನ ಕೈ ಹಿಡಿದುಕೊಂಡ.

"ಅಜ್ಜೀ, ನೋ! ಅವೇ ಫ್ರಮ್ ಯು! ಹೊಟ್ಟೆ ಕಡೆ ಕಟ್ ಮಾಡಬಾರ್ದು!"

ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದ ಸಿರಿ ತಲೆಯನ್ನೂ ಎತ್ತದೆ, "ಲೀವ್ ಹರ್, ತೇಜು. ಅಜ್ಜಿ ಎವ್ರಿಥಿಂಗ್ ಹಂಗೇ ಮಾಡೋದು" ಎಂದಳು.

ನಿಜ ಮಕ್ಕಳೇ, ಅಜ್ಜಿ ಎವ್ರಿಥಿಂಗ್ ಹಂಗೇ ಮಾಡುವುದು. ನಾನು ಬೆಳೆದ ಊರಿನಲ್ಲಿ ಬಾವಿಯ ಹಗ್ಗವನ್ನು ತನ್ನ ಕಡೆಗೆ ಎಳೆಯುತ್ತಿದ್ದೆವು, ಮಜ್ಜಿಗೆ ಕಡೆಯುವ ಹಗ್ಗವನ್ನೂ ತನ್ನ ಕಡೆಗೇ. ಹುಲ್ಲು ಕೊಯ್ಯುವ ಕುಡುಗೋಲೂ ತನ್ನ ಕಡೆಗೇ ಬರಬೇಕು. ಈ ದೇಶಕ್ಕೆ ಬಂದ ಮೇಲೆ ನೋಡಿದರೆ ಎಲ್ಲವನ್ನೂ ದೂಕುವುದು. ಅಂಗಡಿಯ ಟ್ರಾಲಿ ದೂಕು, ಹುಲ್ಲು ಕತ್ತರಿಸುವ ಯಂತ್ರ ದೂಕು, ಮಗುವಿನ ಗಾಡಿ ದೂಕು. ಮಗುವನ್ನು ಕೂಡ ಎದುರಿಗೆ ದೂಕಿಕೊಂಡು ಹೋಗುತ್ತಾರಲ್ಲ, ಸೊಂಟಕ್ಕೆ ಎಳೆದುಕೊಳ್ಳುವುದಿಲ್ಲವಲ್ಲ ಎಂದು ನನಗೆ ಮೊದಮೊದಲು ಬಹಳ ಅನ್ನಿಸುತ್ತಿತ್ತು. ನಿಮ್ಮಿಬ್ಬರನ್ನೂ ನಾನೇ ಹಾಗೆ ಮೈಲಿಗಟ್ಟಲೆ ದೂಕಿದೆ, ಆ ಮಾತು ಬೇರೆ.

ಗ್ಯಾರೇಜಿನ ಗೋಡೆಯ ಮೇಲೆ ಮೊಳೆಗೆ ತೂಗುಹಾಕಿದ ಗರಗಸವಿದೆಯಲ್ಲ, ಎರಡು ಕಡೆಯೂ ಹಲ್ಲು ಇರುವುದು, ಹಿಡಿಗೆ ಬೆತ್ತ ಸುತ್ತಿರುವುದು, ತೇಜು "ಫಿಶ್‌ಬೋನ್" ಎನ್ನುವುದು. ಅದು ಜಪಾನಿನದು. ಅದನ್ನು ದೂಕಿದರೆ ಮರ ಕೊಯ್ಯುವುದಿಲ್ಲ, ಎಳೆದರೆ ಕೊಯ್ಯುತ್ತದೆ. ಅದರ ಕಥೆ ಹೇಳು ಎಂದು ನೀವು ಕೇಳಿದಾಗಲೆಲ್ಲ ನಾನು "ಆಮೇಲೆ" ಎಂದು ಒಗ್ಗರಣೆಗೆ ಎದ್ದು ಹೋಗಿದ್ದೇನೆ. ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ. ತಿಪಟೂರಿನ ಹತ್ತಿರ ನಮ್ಮ ಹಳ್ಳಿಯ ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ನನ್ನನ್ನು ಪದ್ಯ ಹೇಳು ಎಂದು ನಿಲ್ಲಿಸಿದರು. ಪದ್ಯ ಪೂರಾ ಬರುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ನಮ್ಮ ಮೇಷ್ಟ್ರು ಒಳ್ಳೆಯವರು. "ಸಾರ್, ಈ ಹುಡುಗಿ ಬರೆದು ತೋರಿಸ್ತದೆ" ಎಂದು ಸ್ಲೇಟು ಕೈಗೆ ಕೊಟ್ಟರು. ಏಳನೆಯ ತರಗತಿಯವರೆಗೆ ಓದಿದ್ದು ಅದೊಂದೇ ಧೈರ್ಯದಲ್ಲಿ. ಈಗಲೂ ಹಾಗೆಯೇ, ಬರೆದು ತೋರಿಸುತ್ತೇನೆ. ಕನ್ನಡ ಅಕ್ಷರ ತೊಡರಿದರೆ ನಿಮ್ಮಮ್ಮ ಓದಿ ಹೇಳುತ್ತಾಳೆ. ಅವಳೂ ಇದರಲ್ಲಿ ಇದ್ದಾಳೆ.

ನಾನು ಸಿಡ್ನಿಗೆ ಬಂದದ್ದು ಎಂಬತ್ತೆಂಟರಲ್ಲಿ. ನಿಮ್ಮ ತಾತ ಎಲೆಕ್ಟ್ರಿಕಲ್ ಎಂಜಿನಿಯರು, ಒಂದು ವರ್ಷ ಮೊದಲೇ ಬಂದು ಟೂಂಗಾಬಿ ಎಂಬ ಬಡಾವಣೆಯಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದರು. ನಿಮ್ಮಮ್ಮ ಸುಮ ಆಗ ಎರಡು ಜಡೆಯ ಹುಡುಗಿ. ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಈಳಿಗೆಮಣೆ ಇತ್ತು. ನೀವು ಅಡಿಗೆಮನೆಯಲ್ಲಿ ನೋಡಿದ್ದೀರಿ, ಮಣೆಯ ಮೇಲೆ ಹಂಸದ ಕತ್ತಿನ ಹಾಗೆ ಎದ್ದು ನಿಂತ ಕಬ್ಬಿಣದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಮದುವೆಯಲ್ಲಿ ಸೋದರಮಾವ ಕೊಟ್ಟದ್ದು. ಏರ್‌ಪೋರ್ಟಿನ ಅಧಿಕಾರಿ ಅದನ್ನು ಎತ್ತಿ ತಿರುಗಿಸಿ, ಅಡಿಯಲ್ಲಿದ್ದ ಸಣ್ಣ ತೂತುಗಳನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಮರಕ್ಕೆ ಹುಳು ಹೊಡೆದಿದೆ, ದೇಶದ ಒಳಗೆ ಬಿಡುವ ಹಾಗಿಲ್ಲ ಎಂದ. ತಾತ ಒಂದಿಷ್ಟು ವಾದಿಸಿದರು. ಆತ ಬಹಳ ಮರ್ಯಾದೆಯಿಂದ ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದು, ಬರೀ ಅಲಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟು "ಸಾರಿ" ಎಂದ. ಹೀಗೆ ಅಲಗು ಆಸ್ಟ್ರೇಲಿಯಕ್ಕೆ ಬಂತು, ಮಣೆ ಬರಲಿಲ್ಲ.

ನಿಮಗೆ ಇದು ತಮಾಷೆ ಎನ್ನಿಸಬಹುದು. ತಾತನಿಗೂ ಹಾಗೆಯೇ ಎನ್ನಿಸಿತು. "ಚಾಕು ಇದೆ, ಕಟಿಂಗ್ ಬೋರ್ಡ್ ಇದೆ, ಎಲ್ಲ ಹೆಂಗಸರೂ ನಿಂತ್ಕೊಂಡೇ ಹೆಚ್ತಾರೆ ಕಣೆ. ಎಂಟು ದಿನಕ್ಕೆ ರೂಢಿ ಆಗತ್ತೆ" ಎಂದರು. ಆದರೆ ನೋಡಿ, ಈಳಿಗೆಮಣೆಯಲ್ಲಿ ಅಲಗು ಅಲ್ಲಾಡುವುದಿಲ್ಲ. ನಾವು ಮಣೆಯನ್ನು ಕಾಲಿನಿಂದ ಅದುಮಿ ಕೂರುತ್ತೇವೆ, ತರಕಾರಿಯೇ ಅಲಗಿನ ಹತ್ತಿರ ಹೋಗುತ್ತದೆ. ಚಾಕುವಿನ ನ್ಯಾಯ ಅದಕ್ಕೆ ತಿರುಗುಮುರುಗು. ತರಕಾರಿ ಸುಮ್ಮನೆ ಬಿದ್ದಿರುತ್ತದೆ, ಅಲಗು ಬಂದು ಮೇಲೆ ಬೀಳುತ್ತದೆ. ನನ್ನ ಕೈಗೆ ಅದು ಹಿಡಿಸಲೇ ಇಲ್ಲ. ಎತ್ತರದ ಕಟ್ಟೆಯ ಮುಂದೆ ನಿಂತರೆ ಪರೀಕ್ಷೆಗೆ ನಿಂತ ಹಾಗಾಗುತ್ತಿತ್ತು. ಬೆರಳಿಗೆ ಯಾವಾಗಲೂ ಒಂದು ಪಟ್ಟಿ.

ಅಡಿಗೆಯಿರಲಿ, ಆ ಮನೆಯಲ್ಲಿ ನನಗೆ ಕೂರಲು ಒಂದು ಜಾಗವೇ ಇಲ್ಲ ಎನ್ನಿಸತೊಡಗಿತು. ತಾತ ಬೆಳಿಗ್ಗೆ ಟ್ರೇನಿಗೆ ಹೋದರೆ ಸಂಜೆ ಬರುವುದು. ಸುಮ ಶಾಲೆಗೆ. ಈಗ ಟೂಂಗಾಬಿಯಲ್ಲಿ ಇಳಿದರೆ ಕರಿಬೇವು ಮೂಗಿಗೆ ಬಡಿಯುತ್ತದೆ, ಕನ್ನಡ ಕಿವಿಗೆ ಬೀಳುತ್ತದೆ. ಆಗ ಹಾಗಿರಲಿಲ್ಲ. ನನಗೆ ಬರುತ್ತಿದ್ದ ಇಂಗ್ಲಿಷು ಯೆಸ್, ನೋ, ಸಾರಿ, ತ್ಯಾಂಕ್ಯೂ. ಅದರಲ್ಲೂ ಸಾರಿ ಜಾಸ್ತಿ. ಊಟ ಸೇರುತ್ತಿರಲಿಲ್ಲ, ರವಿಕೆಗಳು ಸಡಿಲವಾದವು. ಒಂದು ಭಾನುವಾರ ತಾತ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು:

"ನೀನು ಹಿಂಗೆ ಒಣಗೋದನ್ನ ನಾನು ನೋಡ್ಲಾರೆ. ಡಿಸೆಂಬರ್‌ವರೆಗೂ ನೋಡು. ಆಗಲಿಲ್ಲ ಅಂದ್ರೆ ನೀನೂ ಸುಮಾನೂ ಊರಿಗೆ ಹೋಗಿ. ನಾನು ಕಾಂಟ್ರಾಕ್ಟ್ ಮುಗಿಸ್ಕೊಂಡು ಬರ್ತೀನಿ."

"ಅದಕ್ಕೆಷ್ಟು ದಿನ?"

"ಮೂರ್ನಾಕು ವರ್ಷ ಆಗಬಹುದು."

ಬಾಗಿಲಲ್ಲಿ ನಿಂತಿದ್ದ ಸುಮ "ಐ ಡೋಂಟ್ ವಾಂಟ್ ಟು ಗೋ" ಎಂದಳು. ಅವಳಿಗೆ ಆಗಲೇ ಇಲ್ಲಿ ಮೂವರು ಗೆಳತಿಯರು. ಅಪ್ಪನನ್ನು ಬಿಟ್ಟು ಹೋಗುವುದೂ ಅವಳಿಗೆ ಬೇಡ, ನನ್ನನ್ನು ಬಿಟ್ಟಿರುವುದೂ ಬೇಡ. ಅವಳು ಅಳಲಿಲ್ಲ, ಬಾಗಿಲ ಹಿಡಿಯನ್ನು ತಿರುಗಿಸುತ್ತಾ ನಿಂತಿದ್ದಳು. ಮನೆ ಒಡೆದು ಎರಡಾಗುವುದೋ ಒಂದಾಗಿ ಉಳಿಯುವುದೋ, ಅದು ನನ್ನ ಮೇಲೆ ಬಂದು ಕೂತಿತು. ನಾನಾದರೋ ಅಂಗಡಿಯಲ್ಲಿ ಒಂದು ಹಾಲಿನ ಡಬ್ಬಿ ಕೇಳುವುದಕ್ಕೂ ಮಗಳನ್ನು ಮುಂದೆ ಬಿಡುವವಳು.

ನಮ್ಮ ಹಿತ್ತಿಲ ಬೇಲಿಯ ಆಚೆ ಮಿಚಿಕೊ ಅವರ ಮನೆ. ಅವರ ಸೀಮೆಬದನೆಯ ಬಳ್ಳಿ ಬೇಲಿ ಹತ್ತಿ ನಮ್ಮ ಕಡೆಗೆ ಇಳಿದಿತ್ತು. ಮದುವೆಯಾದ ಮೇಲೆ ಬೆಂಗಳೂರಿನಲ್ಲಿದ್ದಾಗ ದುಡ್ಡು ಕೊಟ್ಟು ತರುತ್ತಿದ್ದ ಸೀಮೆಬದನೆ ಇಲ್ಲಿ ತಲೆಗೆ ತಾಗುವ ಹಾಗೆ ನೇತಾಡುತ್ತಿದೆ. ನಾನು ಒಗೆದ ಬಟ್ಟೆ ಹರವುವಾಗ ಅದನ್ನು ನೋಡಿ ನೋಡಿ ಒಳಗೆ ಹೋಗುತ್ತಿದ್ದೆ. ಒಂದು ದಿನ ಬೇಲಿಯ ಮೇಲೆ ಬಿಳಿಗೂದಲಿನ ಪುಟ್ಟ ತಲೆಯೊಂದು ಕಾಣಿಸಿತು.

"ಟೇಕ್ ಇಟ್, ಡಾರ್ಲ್! ಟೇಕ್ ದ ಬ್ಲಡಿ ಲಾಟ್!"

ಮುಖ ಜಪಾನಿನದು, ಮಾತು ಸಿಡ್ನಿಯದು. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯದ ಒಬ್ಬ ಸಿಪಾಯಿಯನ್ನು ಮದುವೆಯಾಗಿ ಹಡಗಿನಲ್ಲಿ ಬಂದವರು. ಗಂಡ ರಾನ್ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಅವರ ಇಂಗ್ಲಿಷೆಲ್ಲ ರಾನ್ ಕಲಿಸಿದ್ದು, ಹಾಗಾಗಿ ಅರ್ಧ ಬೈಗುಳ ಎಂದು ನಿಮ್ಮ ತಾತ ಆಮೇಲೆ ಹೇಳಿದರು. ನನಗೆ ಬೈಗುಳ ಯಾವುದು ಅಲ್ಲದ್ದು ಯಾವುದು ಎಂದು ಗೊತ್ತಿರಲಿಲ್ಲವಾದ್ದರಿಂದ ಎಲ್ಲವೂ ಪ್ರೀತಿಯ ಹಾಗೆಯೇ ಕೇಳಿತು. ಬಹುಶಃ ಹಾಗೆಯೇ ಇತ್ತು.

ಅವರೇ ಒಂದು ಚೀಲ ಸೀಮೆಬದನೆ ಹಿಡಿದು ನಮ್ಮ ಅಡಿಗೆಮನೆಗೆ ಬಂದರು. ನನ್ನ ಬೆರಳಿನ ಪಟ್ಟಿ ನೋಡಿದರು. ಕಟ್ಟೆಯ ಮೇಲಿದ್ದ ಪ್ಲಾಸ್ಟಿಕ್ ಚೀಲವನ್ನೂ, ಅದರೊಳಗಿನ ಅಲಗನ್ನೂ ನೋಡಿ "ಇದೇನು?" ಎಂದು ಹುಬ್ಬೇರಿಸಿದರು. ನಾನು ನೆಲದ ಮೇಲೆ ಕೂತೆ. ಒಂದು ಕಾಲು ಮಡಿಸಿ, ಇಲ್ಲದ ಮಣೆಯನ್ನು ಅದುಮಿ, ಇಲ್ಲದ ಅಲಗಿಗೆ ಒಂದು ಸೀಮೆಬದನೆಯನ್ನು ಕೊಟ್ಟು ತೋರಿಸಿದೆ. ಏರ್‌ಪೋರ್ಟಿನವನ ಹಾಗೆ ಹುಳುವಿನ ತೂತುಗಳನ್ನೂ ಬೆರಳಿನಿಂದ ತೋರಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ಥಟ್ಟನೆ ನನ್ನ ಎದುರಿಗೆ ನೆಲದ ಮೇಲೆಯೇ ಕೂತುಬಿಟ್ಟರು. ಈ ದೇಶಕ್ಕೆ ಬಂದ ಮೇಲೆ ನನ್ನ ಎದುರಿಗೆ ನೆಲದ ಮೇಲೆ ಕೂತ ಮೊದಲನೆಯ ಮನುಷ್ಯರು ಅವರು.

ಮಾರನೆಯ ದಿನ ಅವರ ಗ್ಯಾರೇಜಿಗೆ ಕರೆದೊಯ್ದರು. ಅಲ್ಲಿ ಎತ್ತರದ ಮೇಜಿಲ್ಲ, ನೆಲಕ್ಕೆ ಹಾಸಿದ ದಪ್ಪ ಹಲಗೆ. ಗೋಡೆಯ ಮೇಲೆ ರಾನ್ ಅವರ ಫೋಟೋ, ಬಾಗಿಲು ತುಂಬುವಷ್ಟು ಎತ್ತರದ ಕೆಂಪು ಮುಖದ ಮನುಷ್ಯ. ಪಕ್ಕದಲ್ಲಿ ಈ ಗರಗಸ. ಮಿಚಿಕೊ ಅವರ ತಂದೆ ಕಾಗದದ ಬಾಗಿಲುಗಳಿಗೆ ಮರದ ಸಣ್ಣ ಜಾಲರಿ ಕಟ್ಟುವ ಬಡಗಿಯಂತೆ. ಹೆಣ್ಣುಮಕ್ಕಳು ಉಪಕರಣ ಮುಟ್ಟುವ ಹಾಗಿರಲಿಲ್ಲ. ಚಹಾ ತಂದಿಟ್ಟು ಬಾಗಿಲಲ್ಲಿ ನಿಂತು ನೋಡಿದ್ದೇ ಅವರ ವಿದ್ಯೆ. ತಂದೆ ಹೋದ ಮೇಲೆ ಅಣ್ಣ ಏನು ಬೇಕು ಎಂದು ಕೇಳಿದಾಗ ಗರಗಸ ಎಂದರಂತೆ.

ಮಿಚಿಕೊ ಹಲಗೆಯ ಮೇಲೆ ಕೂತರು, ಬರಿಗಾಲಿನಿಂದ ಒಂದು ಮರದ ತುಂಡನ್ನು ಅದುಮಿ ಹಿಡಿದರು, ಗರಗಸವನ್ನು ಎಳೆದರು. ನಮ್ಮ ಅಡಿಗೆಮನೆಯಲ್ಲಿ ಅಮ್ಮ ಕೂರುತ್ತಿದ್ದಳಲ್ಲ, ಅದೇ ಕೂರುವಿಕೆ, ಅದೇ ಕಾಲು! ಅವರು ಗರಗಸವನ್ನು ನನ್ನ ಕೈಗೆ ಕೊಟ್ಟು "ಗೋ ಆನ್" ಎಂದಾಗ ನಾನು ಸಂತೋಷದಲ್ಲಿ ನನಗೆ ಗೊತ್ತಿದ್ದನ್ನೇ ಮಾಡಿದೆ. ಗರಗಸದ ಹಿಡಿಯನ್ನು ಕಾಲಿನ ಕೆಳಗೆ ಅದುಮಿಕೊಂಡು, ಹಲ್ಲು ಮೇಲೆ ಮಾಡಿ, ಮರದ ತುಂಡನ್ನು ಎರಡು ಕೈಯಲ್ಲೂ ಹಿಡಿದು ಹಲ್ಲಿನ ಮೇಲೆ ಉಜ್ಜಿದೆ.

ಮಿಚಿಕೊ ಬಾಯಿ ತೆರೆದುಕೊಂಡು ನೋಡಿದರು. ಆಮೇಲೆ ಗೋಡೆಗೆ ಒರಗಿ ನಗಲು ಶುರುಮಾಡಿದರು.

"ಡಾರ್ಲ್! ನೀನು ಮರದಿಂದ ಗರಗಸ ಕೊಯ್ತಾ ಇದೀಯ!"

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿಟ್ಟಾಗಲಿಲ್ಲ. ತಮ್ಮ ಸ್ವೆಟರಿನ ಅಂಚಿನಿಂದ ಒಂದು ದಾರ ಕಿತ್ತು ನನ್ನ ಮುಂದೆ ಹಿಡಿದರು. ಎರಡು ತುದಿ ಹಿಡಿದು ಎಳೆದರೆ ಗೆರೆಯ ಹಾಗೆ ನೆಟ್ಟಗೆ. ದೂಕಿದರೆ ಮುದುಡಿ ಉಂಡೆ. ಗರಗಸದ ತಗಡೂ ಹಾಗೆಯೇ. ದೂಕುವ ಗರಗಸ ಬಾಗದಿರಲೆಂದು ದಪ್ಪ ಮಾಡಬೇಕು, ಎಳೆಯುವುದು ಎಳೆತಕ್ಕೆ ತಾನೇ ನೆಟ್ಟಗಾಗುವುದರಿಂದ ಕಾಗದದಷ್ಟು ತೆಳ್ಳಗಿದ್ದರೂ ನಡೆಯುತ್ತದೆ. ತೆಳ್ಳಗಿದ್ದಷ್ಟೂ ಸೀಳು ಸಣ್ಣದು. ಒಂದು ದಾರದಲ್ಲಿ ನನಗೆ ತಿಳಿಯಿತು. ಏಳನೆಯ ತರಗತಿಯ ವಿಜ್ಞಾನವನ್ನು ಯಾರಾದರೂ ಹೀಗೆ ಹೇಳಿಕೊಟ್ಟಿದ್ದರೆ ಎಂಟಕ್ಕೂ ಹೋಗುತ್ತಿದ್ದೆನೋ ಏನೋ.

ಆಮೇಲೆ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗುವುದು. ಗುಬ್ಬಿಮರಿ ಹಿಡಿದ ಹಾಗೆ ಹಿಡಿಯಬೇಕು, ಬಿಗಿ ಹಿಡಿದರೆ ಗರಗಸ ಮುನಿಯುತ್ತದೆ. ಹೆಬ್ಬೆರಳ ಉಗುರಿಗೆ ತಾಗಿಸಿ ಶುರುಮಾಡಬೇಕು. ಒಂದು ಕಡೆಯ ಹಲ್ಲು ಮರದ ಎಳೆಯ ಉದ್ದಕ್ಕೆ, ಇನ್ನೊಂದು ಕಡೆಯದು ಅಡ್ಡಕ್ಕೆ. ಬಾಳೆದಿಂಡನ್ನು ಬಿಲ್ಲೆ ಕೊಯ್ಯುವುದೇ ಬೇರೆ, ಉದ್ದಕ್ಕೆ ಸೀಳುವುದೇ ಬೇರೆ ಅಲ್ಲವೇ, ಅದೇ. ನಾನು ಎಳೆದ ಗೆರೆಗಳೆಲ್ಲ ಮೊದಲು ಎತ್ತು ಉಚ್ಚೆ ಹೊಯ್ದ ಹಾಗೆ ಸೊಟ್ಟ. ಮಿಚಿಕೊ ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ನೋಡಿ "ನಾಟ್ ಬ್ಯಾಡ್" ಎನ್ನುತ್ತಿದ್ದರು. ಕೊನೆಯವರೆಗೂ ಅವರು ಅದಕ್ಕಿಂತ ದೊಡ್ಡ ಹೊಗಳಿಕೆ ಹೇಳಲಿಲ್ಲ.

ನನ್ನ ಅಲಗಿಗೆ ಹೊಸ ಮಣೆಯನ್ನು ನಾನೇ ಮಾಡಲೆಂದು ಅವರು ಒಂದು ಹಲಗೆ ತೆಗೆದಿಟ್ಟಿದ್ದರು. ಬೀದಿಯ ಕೊನೆಯಲ್ಲಿ ಕಡಿದು ಕೆಡವಿದ್ದ ಕರ್ಪೂರದ ಮರದ್ದು. ಸಿಡ್ನಿಯಲ್ಲಿ ಅದು ಕಳೆಗಿಡದ ಹಾಗೆ ಎಲ್ಲೆಂದರಲ್ಲಿ ಬೆಳೆಯುತ್ತದೆ. ಮೊದಲನೆಯ ಸಲ ಗರಗಸ ಅದರ ಮೇಲೆ ಆಡಿದಾಗ ಮಡಿಲಲ್ಲಿ ಬಿದ್ದ ಹೊಟ್ಟಿನಿಂದ ಮಂಗಳಾರತಿಯ ವಾಸನೆ ಎದ್ದಿತು. ನಾನು ಕಣ್ಣು ಮುಚ್ಚಿ ಕೂತೆ. ಮಿಚಿಕೊ ಹುಳುವಿನ ಹಾಗೆ ಬೆರಳು ಆಡಿಸಿ, ಮೂಗು ಮುಚ್ಚಿ, ಓಡಿಹೋಗುವ ಹಾಗೆ ಮಾಡಿ ತೋರಿಸಿದರು. ಈ ಮರಕ್ಕೆ ಹುಳು ಹತ್ತುವುದಿಲ್ಲವಂತೆ.

ಇಲ್ಲಿ ಒಂದು ಮಾತು ನಡುವೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ. ತೊಂಬತ್ತರ ನಂತರ ತಾತನಿಗೆ ಮೆಲ್ಬರ್ನಿನಲ್ಲಿ ಕೆಲಸವಾಗಿ ನಾವು ಹೊರಟಾಗ ಮಿಚಿಕೊ ಈ ಗರಗಸವನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಸುಮಳ ಪಕ್ಕ ಕೂರಿಸಿ ಬೆಲ್ಟು ಹಾಕಿದರು. ಮೆಲ್ಬರ್ನಿನ ಚಳಿಗೆ ನನ್ನ ಕೈ ಬೆಚ್ಚಗಿಟ್ಟದ್ದು ಅದೇ. ಅಲ್ಲಿನ ಕನ್ನಡದವರು ಯುಗಾದಿಗೆ ಸೇರಿದಾಗ ಒಬ್ಬ ಡಾಕ್ಟರ ಹೆಂಡತಿ, "ಆಂಟಿ, ಮಗಳ ಮದುವೆ ಇಲ್ಲೇ ಫಿಕ್ಸ್ ಆಗಿದೆ. ಹಸೆಮಣೆ ಎಲ್ಲಿ ಬುಕ್ ಮಾಡೋದು?" ಎಂದು ಗೋಳಾಡಿದರು. ತಾತ ಎದೆ ಉಬ್ಬಿಸಿ, "ನಮ್ಮ ಮನೇಲಿ ಫ್ಯಾಕ್ಟ್ರಿ ಇದೆ" ಎಂದುಬಿಟ್ಟರು. ಆ ಊರಿನಲ್ಲಿ ಎಷ್ಟೋ ವಧೂವರರು ನಾನು ಕೊಯ್ದ ಮಣೆಯ ಮೇಲೆ ಕೂತಿದ್ದಾರೆ. ತಾತ ತೀರಿಕೊಂಡ ವರ್ಷ, ಇನ್ನು ಮದುವೆಯ ಮಣೆಯನ್ನು ನನ್ನ ಕೈಯಲ್ಲಿ ಯಾರು ಮಾಡಿಸುತ್ತಾರೆ ಎಂದು ಗ್ಯಾರೇಜಿಗೆ ಬೀಗ ಹಾಕಿದ್ದೆ. ಅದೇ ಡಾಕ್ಟರ ಹೆಂಡತಿ ಎರಡನೆಯ ಮಗಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತರು. "ಅಕ್ಕಂಗೆ ಮಾಡಿದ್ದೀರಿ, ಇವಳು ಏನು ಪಾಪ ಮಾಡಿದಾಳೆ ಆಂಟಿ?" ಎಂದು ಜಗಳವಾಡಿದರು. ಆ ಜಗಳವನ್ನು ನಾನು ಪೂಜೆಯಲ್ಲಿ ಈಗಲೂ ನೆನೆಯುತ್ತೇನೆ.

ಈಗ ಸಿಡ್ನಿಗೆ ಬರುತ್ತೇನೆ. ಅಕ್ಟೋಬರ್ ಬಂತು. ಮಣೆ ಆಗಿತ್ತು, ಅಲಗು ಕೂರುವ ಸೀಳು ಅರ್ಧ ಆಗಿತ್ತು. ಮೊಳೆ ಹೊಡೆಯಕೂಡದು, ಅಲಗು ತಾನೇ ಬಿಗಿಯಾಗಿ ಕೂರಬೇಕು ಎಂಬುದು ಮಿಚಿಕೊ ಅವರ ಹಟ. ಅವರಿಗೆ ನೆಗಡಿಯಾಗಿದ್ದರಿಂದ "ಮನೆಗೆ ತಗೊಂಡು ಹೋಗಿ ಮಾಡು" ಎಂದು ಗರಗಸವನ್ನು ಕೊಟ್ಟು ಕಳಿಸಿದ್ದರು. ಅದು ಹಬ್ಬದ ವಾರ.

ಆಯುಧಪೂಜೆಯ ದಿನ ನಿಮ್ಮ ತಾತನಿಗೆ ಬಂದ ಉತ್ಸಾಹ ಹೇಳತೀರದು. ಹಿಂದಿನ ವರ್ಷ ಒಬ್ಬರೇ ಇದ್ದರಲ್ಲ. ಬೆಳಿಗ್ಗೆಯೇ ಹಿತ್ತಿಲ ಜಗಲಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ತಮ್ಮ ಕ್ಯಾಲ್ಕುಲೇಟರು, ಸುಮಳ ಕಂಪಾಸು ಪೆಟ್ಟಿಗೆ ಎಲ್ಲವನ್ನೂ ಸಾಲಾಗಿ ಇಟ್ಟರು. ನಾನು ಒಳಗೆ ಒಬ್ಬಟ್ಟು ತಟ್ಟುತ್ತಿದ್ದೆ. ಹೊರಗೆ ಬಂದು ನೋಡಿದರೆ ಸಾಲಿನ ನಡುವೆ, ಎಲ್ಲಕ್ಕಿಂತ ದೊಡ್ಡ ಗೌರವದಲ್ಲಿ, ಗರಗಸ. ನಲ್ಲಿಯ ನೀರಿನಲ್ಲಿ ತೊಳೆದು, ಅರಿಸಿನದ ನೀರು ಬಳಿದು, ಕುಂಕುಮವಿಟ್ಟು, ಹಲ್ಲಿಗೆ ಅರ್ಧ ನಿಂಬೆಹಣ್ಣನ್ನು ಕಚ್ಚಿಸಿದ್ದರು.

"ಹೆಂಗಿದೆ? ನಿಮ್ಮ ಗುರುಗಳ ಆಯುಧ" ಎಂದರು.

ಬಹಳ ಚೆನ್ನಾಗಿತ್ತು. ನಾನೂ ಕೈಮುಗಿದೆ. ಪೂಜೆಯಾದ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ, ವಿಜಯದಶಮಿಯ ಬೆಳಿಗ್ಗೆ ತೆಗೆಯುವುದು. ಬೆಳಿಗ್ಗೆ ತೆಗೆದಾಗ ನಿಂಬೆಹಣ್ಣು ಕಚ್ಚಿದ್ದ ಜಾಗ ಇಂಗಿನ ಹಾಗೆ ಕಪ್ಪಾಗಿತ್ತು. ಹಲ್ಲುಗಳ ಸಂದಿಯಲ್ಲೆಲ್ಲ ಕೆಂಪಗೆ ತುಕ್ಕು. ಮಿಚಿಕೊ ಕೆಲಸ ಮುಗಿದೊಡನೆ ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಉಸಿರಿನ ತೇವವೂ ತಾಗದ ಹಾಗೆ ಸುತ್ತಿಡುತ್ತಿದ್ದ ತಗಡು ಅದು.

"ನಿಂಬೆಹಣ್ಣಲ್ಲಿ ಹಿತ್ತಾಳೆ ಪಾತ್ರೆ ಫಳಫಳ ಅನ್ನತ್ತಲ್ಲೇ" ಎಂದರು ತಾತ, ಸಣ್ಣ ದನಿಯಲ್ಲಿ.

"ಇದು ಹಿತ್ತಾಳೆನೇನ್ರೀ? ಅವರಪ್ಪಂದು ರೀ ಅದು! ಊರಿಂದ ಅವರು ತಂದಿದ್ದು ಅದೊಂದೇ!"

ನಾನು ಅಷ್ಟು ಜೋರಾಗಿ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಸುಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೇಳಿದೆ: "ಟಿಕೆಟ್ ಬುಕ್ ಮಾಡ್ಬಿಡಿ. ಡಿಸೆಂಬರ್‌ಗೆ ಹೊರಟ್ಬಿಡ್ತೀವಿ. ಇನ್ನು ಆ ಮನೆ ಬಾಗಿಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಅದೊಂದು ಬಾಗಿಲೂ ಇಲ್ಲದ ಮೇಲೆ ನಾನಿಲ್ಲಿ ಯಾರಿಗೋಸ್ಕರ ಇರ್ಲಿ?"

ತಾತ ಗರಗಸವನ್ನು ಕೈಗೆ ತೆಗೆದುಕೊಂಡರು. "ಬುಕ್ ಮಾಡಕ್ಕೆ ಹೇಳ್ತೀನಿ. ಆದರೆ ತಪ್ಪು ನಂದು, ನಾನೇ ಹೋಗಿ ಸಾರಿ ಕೇಳ್ತೀನಿ" ಎಂದು ಚಪ್ಪಲಿ ಹಾಕಿಕೊಂಡರು.

ಅವರು ಚೆನ್ನಾದ ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಾರೆ, ನಾನು ಹಿಂದೆ ಸೆರಗು ಹಿಡಿದು ನಿಂತಿರುತ್ತೇನೆ. ಅದು ಕಣ್ಣಿಗೆ ಕಟ್ಟಿತು. ಯಾಕೋ ಬೇಡವೆನ್ನಿಸಿತು. ಗರಗಸವನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಹೊರಟೆ. ದಾರಿಯುದ್ದಕ್ಕೂ ನನಗೆ ಬರುವ ಇಂಗ್ಲಿಷನ್ನೆಲ್ಲ ಜೋಡಿಸಿಕೊಂಡೆ. ಬೇಲಿ ಸುತ್ತಿ ಹೋದರೆ ದಾರಿ ಎಷ್ಟು ದೂರ, ಅಷ್ಟರಲ್ಲಿ ಅದು ಮುಗಿದೂ ಹೋಯಿತು.

ಮಿಚಿಕೊ ಗ್ಯಾರೇಜಿನಲ್ಲಿ ಕೂತಿದ್ದರು. ಗರಗಸ ತೆಗೆದುಕೊಂಡರು. ಬೆಳಕಿಗೆ ಹಿಡಿದರು. ನಗಲಿಲ್ಲ. ಕಪ್ಪಾದ ಜಾಗದ ಮೇಲೆ ಉಗುರು ಆಡಿಸಿದರು.

"ವಾಟ್?" ಎಂದರು.

"ಲೆಮನ್" ಎಂದೆ.

"ಲೆಮನ್! ಬ್ಲಡಿ ಲೆಮನ್? ಯಾಕೆ?"

"ಗಾಡ್ ಡೇ. ಸಾ... ಗಾಡ್." ಗರಗಸಕ್ಕೆ 'ಸಾ' ಎನ್ನುವುದು ಮಿಚಿಕೊ ಕಲಿಸಿದ್ದು. ನಾನು ಕೈಮುಗಿದು ತೋರಿಸಿದೆ. ಹಣೆ ಮುಟ್ಟಿ, ಕುಂಕುಮ ಇಡುವ ಹಾಗೆ ಗರಗಸವನ್ನು ಮುಟ್ಟಿದೆ. "ಮೈ ಹಸ್ಬೆಂಡ್. ಮಿಕ್ಸಿ, ಐರನ್, ಸಾ. ಆಲ್ ಗಾಡ್. ಒನ್ ಡೇ."

"ನಿನ್ನ ಗಂಡ ನನ್ನಪ್ಪನ ಗರಗಸಕ್ಕೆ ಪ್ರಾರ್ಥನೆ ಮಾಡಿದನೇ?"

"ಯೆಸ್."

"ಅದನ್ನ ಏನು ಕೇಳಿಕೊಂಡ?"

ಏನು ಕೇಳಿಕೊಂಡರು? ಆ ದಿನ ಯಾರು ಏನು ಕೇಳಿಕೊಳ್ಳುತ್ತಾರೆ? ನಾನು ಯೋಚಿಸಿದೆ. "ನೋ ಆಸ್ಕ್," ಎಂದೆ, "ತ್ಯಾಂಕ್ಯೂ. ಓನ್ಲಿ ತ್ಯಾಂಕ್ಯೂ." ಹೇಳುತ್ತಲೇ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ.

ಮಿಚಿಕೊ ಗೋಡೆಯ ಮೇಲಿದ್ದ ರಾನ್ ಅವರ ಫೋಟೋದ ಕಡೆಗೆ ಗರಗಸ ಚಾಚಿದರು. "ಈ ಮಹಾನುಭಾವ ಒಂದು ಕ್ರಿಸ್‌ಮಸ್‌ನಲ್ಲಿ ಇದರಿಂದ ಏನು ಕೊಯ್ದ ಗೊತ್ತೇ?" ಎಂದರು. ನಾನು ತಲೆಯಾಡಿಸಿದೆ. ಅವರು ಫ್ರಿಜ್ಜಿನ ಬಾಗಿಲು ತೆರೆಯುವ ಹಾಗೆ ಮಾಡಿದರು, ಚಳಿಗೆ ನಡುಗುವ ಹಾಗೆ ಮಾಡಿದರು, ಕಲ್ಲಿನಂತೆ ಗಟ್ಟಿಯಾದ ಏನನ್ನೋ ಎತ್ತಿ ಹಲಗೆಯ ಮೇಲಿಟ್ಟರು. ನನಗೆ ಗೊತ್ತಾಗಲಿಲ್ಲ. ಆಗ ತಮ್ಮ ತೊಡೆಯನ್ನು ತಟ್ಟಿ ತೋರಿಸಿ, ಕತ್ತು ಚಾಚಿ, "ಬ್ಯಾ" ಎಂದರು.

ಕುರಿಯ ತೊಡೆ! ರಾನ್ ಅವರು ಅಪ್ಪನ ಗರಗಸದಿಂದ ಮಂಜುಗಟ್ಟಿದ ಕುರಿಯ ತೊಡೆ ಕೊಯ್ದಿದ್ದರು. ಮಾಂಸ ಮುಟ್ಟದ ನಾನು ಈ ಗರಗಸವನ್ನು ದಿನಾ ಮಡಿಲಲ್ಲಿ ಇಟ್ಟುಕೊಂಡಿದ್ದೆನಲ್ಲ! ಮರುಕ್ಷಣ ನಿಮ್ಮ ತಾತ ಕಣ್ಣಿಗೆ ಬಂದರು. ಮಡಿಯುಟ್ಟು, ಮಂತ್ರ ಹೇಳಿ, ಅದೇ ಗರಗಸಕ್ಕೆ ಊದಿನಕಡ್ಡಿ ಬೆಳಗಿ, ಒಬ್ಬಟ್ಟು ನೈವೇದ್ಯ ಮಾಡಿ, ಆ ಒಬ್ಬಟ್ಟನ್ನು ಕಣ್ಣಿಗೊತ್ತಿಕೊಂಡು ತಿಂದ ತಾತ. ನಗು ಹೊಟ್ಟೆಯ ಕೆಳಗಿನಿಂದ ಎದ್ದು ಬಂತು. ತಡೆಯಲಾಗದೆ ನೆಲದ ಮೇಲೆ ಕೂತುಬಿಟ್ಟೆ. ನಾನು ನಗುವುದನ್ನು ನೋಡಿ ಮಿಚಿಕೊ ಮತ್ತೊಂದು ಸಲ "ಬ್ಯಾ" ಎಂದರು.

"ಅವನು ಸಾರಿ ಕೂಡ ಹೇಳಲಿಲ್ಲ" ಎಂದರು, ಕಣ್ಣೊರೆಸಿಕೊಳ್ಳುತ್ತಾ. "ನಿನ್ನ ಗಂಡ ಇದಕ್ಕೆ ತ್ಯಾಂಕ್ಯೂ ಹೇಳಿದ. ನನ್ನಪ್ಪನಿಗೆ ನಾನೂ ಹೇಳಿರಲಿಲ್ಲ."

ಇಬ್ಬರೂ ಕೂತು ಸಣ್ಣ ಕಲ್ಲಿನಿಂದ ಒಂದೊಂದೇ ಹಲ್ಲು ಉಜ್ಜಿದೆವು, ಎಣ್ಣೆ ಬಳಿದೆವು. ತುಕ್ಕು ಹೋಯಿತು. ತುದಿಯ ಹತ್ತಿರ ಅರ್ಧಚಂದ್ರದಂಥ ಕಪ್ಪು ಕಲೆ ಉಳಿಯಿತು. ಅದಕ್ಕೂ ಮಿಚಿಕೊ "ನಾಟ್ ಬ್ಯಾಡ್" ಎಂದರು. ಗೇಟಿನಲ್ಲಿ ಕಾದು ನಿಂತಿದ್ದ ತಾತ, "ಏನಂದ್ರು? ಬೈದ್ರಾ?" ಎಂದು ಓಡಿಬಂದರು.

"ಏನೂ ಅನ್ಲಿಲ್ಲ."

"ಮತ್ತೆ ಯಾಕೆ ನಗ್ತಿದೀಯ?"

"ಸುಮ್ನೆ."

ಕುರಿಯ ವಿಷಯ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಪ್ರತಿ ಆಯುಧಪೂಜೆಗೂ, ನಿಂಬೆಹಣ್ಣು ಮಾತ್ರ ಬಿಟ್ಟು, ಅದಕ್ಕೆ ಭಕ್ತಿಯಿಂದ ಊದಿನಕಡ್ಡಿ ಬೆಳಗಿದರು. ಪುಣ್ಯಕ್ಕೆ ಊನವೇನೂ ಬಂದಿರಲಾರದು.

ಕೆಲವು ವಾರಗಳ ಮೇಲೆ ಸೀಳು ಮುಗಿಯಿತು. ಅಲಗನ್ನು ಅದರೊಳಗೆ ಇಳಿಸಿದಾಗ ಒಂದೇ ಒಂದು ಸಲ ಕಿರ್ರೆಂದು ಕೂತಿತು, ಮತ್ತೆ ಅಲ್ಲಾಡಲಿಲ್ಲ. ಆ ಸಂಜೆ ಅಡಿಗೆಮನೆಯ ನೆಲದ ಮೇಲೆ ಕೂತು ಹುರುಳಿಕಾಯಿ ಹೆಚ್ಚಿದೆ, ಕಾಯಿ ತುರಿದೆ. ಊಟಕ್ಕೆ ಕೂತ ತಾತ ಪಲ್ಯವನ್ನು ಮೂಸಿ, "ದೇವಸ್ಥಾನದಲ್ಲಿ ಊಟಕ್ಕೆ ಕೂತ ಹಾಗಿದೆ ಕಣೆ" ಎಂದು ಇನ್ನೊಂದು ಸಲ ಬಡಿಸಿಕೊಂಡರು. ನಾನೂ ಬಡಿಸಿಕೊಂಡೆ. ಸುಮ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

ಆಗ ಫೋನು ಬಂತು. ತಾತ ಎದ್ದು ಹೋಗಿ ಮಾತಾಡಿ, ರಿಸೀವರನ್ನು ಎದೆಗೆ ಒತ್ತಿಕೊಂಡು ನನ್ನ ಕಡೆಗೆ ತಿರುಗಿದರು. ಮುಖ ಬಾಡಿತ್ತು.

"ಟ್ರಾವೆಲ್ ಏಜೆಂಟು. ಡಿಸೆಂಬರ್‌ಗೆ ಎರಡು ಸೀಟು ಇದೆಯಂತೆ. ಕನ್ಫರ್ಮ್ ಮಾಡ್ಲಾ ಅಂತ ಕೇಳ್ತಿದಾನೆ."

ಸುಮಳ ಕೈ ತಟ್ಟೆಯಲ್ಲೇ ನಿಂತಿತು.

"ಡಿಸೆಂಬರ್‌ಗೆ ಆಗಲ್ಲ ಅನ್ನಿ" ಎಂದೆ. "ಮೊಳೆ ಇಲ್ದೆ ಮರದ ಪೆಟ್ಟಿಗೆ ಮೂಲೆ ಕೂಡ್ಸೋದು ಹೇಳ್ಕೊಡ್ತೀನಿ ಅಂದಿದಾರೆ ಮಿಚಿಕೊ."

"ಮೂಲೆ ಕೂಡ್ಸೋದಾ? ಅದನ್ನ ಕಲಿಯಕ್ಕೆ ಎಷ್ಟು ದಿನ ಬೇಕು?"

"ಅವರಿಗೇ ಇನ್ನೂ ಸರಿಯಾಗಿ ಬಂದಿಲ್ವಂತೆ."

ತಾತ ನನ್ನನ್ನು ನೋಡಿದರು, ಸುಮಳನ್ನು ನೋಡಿದರು. ರಿಸೀವರನ್ನು ಕಿವಿಗೆ ಇಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ಆಫೀಸಿನಲ್ಲಿ ದೊಡ್ಡವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದರು:

"ಸಾರಿ. ಮೈ ವೈಫ್ ಈಸ್ ವೆರಿ ಬ್ಯುಸಿ."

ನನ್ನ ವಿಷಯದಲ್ಲಿ ಆ ಮಾತನ್ನು ಒಬ್ಬರು ಹೇಳಿದ್ದು ಅದೇ ಮೊದಲು. ನನಗೆ ಅದನ್ನು ಯಾರೂ ಕನ್ನಡ ಮಾಡಿ ಹೇಳಬೇಕಾಗಲಿಲ್ಲ.